ಬ್ರಿಟನ್ನಿನ ನಾಲ್ವರ ಬ್ಯಾಂಡ್ ಬೀಟಲ್ಸ್‌ನ ‘ಯೆಸ್ಟರ್‌ಡೇ’ ಹಾಡಿನಲ್ಲಿ ಪಾಲ್ ಬಿಟ್ಟು ಉಳಿದ ಮೂವರು ಯಾಕಿಲ್ಲ?

ಆ ಹಾಡಿಗೆ ಡ್ರಮ್ಸ್ ಆಗಲಿ, ಇನ್ನೊಂದು ಗಿಟಾರ್ ಆಗಲಿ ಒಗ್ಗಲಿಲ್ಲ, ಅದಕ್ಕೇ. ರಾಗ ಕನಸಿನಲ್ಲಿ ಬಂತು ಎನ್ನುತ್ತಾರೆ ಪಾಲ್ ಮೆಕಾರ್ಟ್ನಿ. ಬೇರೆ ಯಾರದೋ ಇರಬಹುದೆಂಬ ಅನುಮಾನದಲ್ಲಿ ಸಿಕ್ಕವರಿಗೆಲ್ಲ ಕೇಳಿಸಿದರು; ಸಾಹಿತ್ಯ ಹೊಳೆಯುವವರೆಗೆ ‘ಸ್ಕ್ರಾಂಬಲ್ಡ್ ಎಗ್ಸ್’ (ಮೊಟ್ಟೆ ಬುರ್ಜಿ) ಎಂದೇ ಹಾಡಿಕೊಂಡರು. 1965ರ ಜೂನ್ 14ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಒಬ್ಬರೇ ಗಿಟಾರ್ ಹಿಡಿದು ಹಾಡಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಸಲಹೆಯಂತೆ ಮೂರು ದಿನದ ನಂತರ ಎರಡು ವಯೊಲಿನ್, ವಿಯೋಲಾ, ಚೆಲ್ಲೊ ಸೇರಿದವು. ಸ್ವರ ನಡುಗಿಸದೆ ನೇರವಾಗಿ ನುಡಿಸಿ ಎಂದು ಪಾಲ್ ಪಟ್ಟು ಹಿಡಿದರು. ಹಾಡು ಅತಿ ಭಾವುಕವಾಗದೆ ಉಳಿದದ್ದೇ ಇದರಿಂದ ಎನ್ನುವುದು ನನ್ನ ಅಭಿಪ್ರಾಯ. ಹಾಡು ಪಾಲ್ ಒಬ್ಬರದೇ ಆದರೂ ಕೃತಿಕಾರರೆಂದು ಲೆನನ್–ಮೆಕಾರ್ಟ್ನಿ ಎಂದೇ ಇದೆ: ಪಾಲ್ ಮತ್ತು ತಂಡದ ಇನ್ನೊಬ್ಬ ಸದಸ್ಯ ಜಾನ್ ಲೆನನ್, ಇವರಲ್ಲಿ ಯಾರು ಬರೆದರೂ ಇಬ್ಬರ ಹೆಸರೂ ಹಾಕುವುದು ಅವರ ಒಪ್ಪಂದವಾಗಿತ್ತು.