ಕೂದಲ ಆರೈಕೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಿಜವಾದ ಕೂದಲಿನ ಕ್ಲಿಪ್ ಎಕ್ಸ್‌ಟೆನ್ಷನ್ (ಕ್ಲಿಪ್ಪಿನಿಂದ ತಲೆಗೆ ಸಿಕ್ಕಿಸುವ ಹೆಚ್ಚುವರಿ ಕೂದಲು) ಕೊಂಡಾಗ ರೇಷ್ಮೆಯಂತಿತ್ತು. ನಾಲ್ಕೇ ತಿಂಗಳಲ್ಲಿ ತುದಿಯೆಲ್ಲ ಒರಟಾಗಿದೆ. ಎಣ್ಣೆ ಹಚ್ಚಿದರೂ ಮೆತ್ತಗಾಗುತ್ತಿಲ್ಲ.

ಉತ್ತರ: ತಲೆಯ ಮೇಲೆ ಬೆಳೆಯುವ ಕೂದಲಿಗೆ ನೆತ್ತಿಯ ಜಿಡ್ಡು ತಾನಾಗಿಯೇ ಇಳಿದು ಬರುತ್ತದೆ. ಎಕ್ಸ್‌ಟೆನ್ಷನ್‌ಗೆ ಆ ಆಸರೆಯಿಲ್ಲ. ಹೊಸದರ ನುಣುಪು ಬಹುಪಾಲು ಸಿಲಿಕೋನ್ ಲೇಪನದ್ದು. ತೊಳೆದಂತೆಲ್ಲ ಅದು ಸವೆಯುತ್ತದೆ. ಮೇಲೆ ಕೂತ ಎಣ್ಣೆ ದೂಳು ಹಿಡಿಯುತ್ತದೆ, ಮಾಸ್ಕ್ (ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯುವ ದಪ್ಪ ಕಂಡೀಷನರ್) ಕೂದಲಿಗೆ ತಾಗದಂತೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಎಣ್ಣೆ ನಿಲ್ಲಿಸಿ, ಬದಲಿಗೆ ಮಾಸ್ಕ್ ಹಚ್ಚಿ.

ಒಣಗಿದ್ದಾಗಲೇ ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸಿ. ಉಗುರುಬೆಚ್ಚಗಿನ ನೀರು, ಸಲ್ಫೇಟ್ ಇಲ್ಲದ ಶಾಂಪೂ ಬಳಸಿ, ಉಜ್ಜದೆ ಮೇಲಿನಿಂದ ಕೆಳಕ್ಕೆ ಸವರುತ್ತ ತೊಳೆಯಿರಿ. ಆಮೇಲೆ ಟವೆಲ್‌ನಲ್ಲಿ ಒತ್ತಿ ನೀರು ತೆಗೆಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ: ನೀರು ತೊಟ್ಟಿಕ್ಕುತ್ತಿದ್ದರೆ ಮಾಸ್ಕ್ ತೆಳುವಾಗಿ ಜಾರಿಹೋಗುತ್ತದೆ. 100 ಗ್ರಾಂ ತೂಕದ ಸೆಟ್‌ಗೆ 4–5 ಟೀ ಚಮಚ ಮಾಸ್ಕ್ ಸಾಕು. ಕೂದಲೆಳೆಗಳನ್ನು ಕೂಡಿಸಿದ ಮೇಲ್ತುದಿಯ ಹೊಲಿಗೆಯಿಂದ 3–4 ಸೆಂ.ಮೀ. ಬಿಟ್ಟು ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ಹರಡಿ. ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ, ಮೇಲೆ ಬೆಚ್ಚನೆಯ ಟವೆಲ್ ಇಟ್ಟು 15–20 ನಿಮಿಷ ಬಿಡಿ. ರಾತ್ರಿಯಿಡೀ ನೆನೆಸಿದರೆ ಹೆಚ್ಚಿನ ಲಾಭವಿಲ್ಲ. ಕೂದಲು ಉಬ್ಬಿ ದುರ್ಬಲವಾಗುತ್ತದೆ. ಚೆನ್ನಾಗಿ ತೊಳೆದು, ಚಪ್ಪಟೆಯಾಗಿ ಹಾಸಿ ನೆರಳಲ್ಲಿ ಒಣಗಿಸಿ. ಇಷ್ಟಾದರೂ ತುದಿ ಒರಟೆನಿಸಿದರೆ ಅದು ಸೀಳಿರಬಹುದು. ಸೀಳನ್ನು ಯಾವ ಮಾಸ್ಕೂ ಶಾಶ್ವತವಾಗಿ ಕೂಡಿಸದು, 2–3 ಸೆಂ.ಮೀ. ಕತ್ತರಿಸಿಬಿಡಿ.

ಪ್ರಶ್ನೆ: ಮಾಸ್ಕ್ ಹಚ್ಚಿದಾಗಲೆಲ್ಲ, ಅಂಟು ಟೇಪಿನಿಂದ ಸ್ವಂತ ಕೂದಲಿಗೆ ಕೂಡಿಸುವ ಟೇಪ್ ಎಕ್ಸ್‌ಟೆನ್ಷನ್ ಜಾರುತ್ತದೆ. ಟೇಪೇ ಕಳಪೆಯೇ?

ಉತ್ತರ: ಟೇಪಿಗಿಂತ ಮೊದಲು ಹಚ್ಚುವ ರೀತಿಯನ್ನು ಅನುಮಾನಿಸಿ. ಕಂಡೀಷನರ್‌ನ ಜಿಡ್ಡು ಅಂಟನ್ನು ಸಡಿಲಿಸುತ್ತದೆ. ಟೇಪಿನಿಂದ ಕನಿಷ್ಠ 5 ಸೆಂ.ಮೀ. ಕೆಳಗೆ ರಬ್ಬರ್ ಬ್ಯಾಂಡ್ ಸಡಿಲವಾಗಿ ಕಟ್ಟಿಕೊಂಡು, ಅದರ ಕೆಳಗಷ್ಟೇ ಹಚ್ಚಿ. ತಲೆ ಬಗ್ಗಿಸಿ ತೊಳೆದರೆ ಮಾಸ್ಕ್ ಬುಡದತ್ತ ಹರಿಯುತ್ತದೆ, ನೆಟ್ಟಗೆ ನಿಂತೇ ತೊಳೆಯಿರಿ. ಹೊಸದಾಗಿ ಅಂಟಿಸಿದ ಮೇಲೆ 48 ಗಂಟೆ ನೀರು ಸೋಕಿಸಬೇಡಿ.

ಪ್ರಶ್ನೆ: ಪ್ರತಿ ವಾರ ಪ್ರೋಟೀನ್ ಮಾಸ್ಕ್ ಹಚ್ಚುತ್ತಿದ್ದೇನೆ. ನನ್ನ ಸ್ವಂತ ಕೂದಲು ಕಡ್ಡಿಯಂತಾಗಿ ಮುರಿಯುತ್ತಿದೆ, ಯಾಕೆ?

ಉತ್ತರ: ಪ್ರೋಟೀನ್ ಅತಿಯಾಗಿರಬಹುದು. ಒದ್ದೆ ಕೂದಲೆಳೆಯೊಂದನ್ನು ಮೆಲ್ಲಗೆ ಎಳೆದು ನೋಡಿ. ತುಸು ಹಿಗ್ಗಿ ಮರಳಿದರೆ ಸರಿ. ಹಿಗ್ಗದೆ ಪಟ್ಟನೆ ತುಂಡಾದರೆ ಒಂದು ತಿಂಗಳು ಪ್ರೋಟೀನ್ ಬಿಟ್ಟು, ತೇವ ಕೊಡುವ ಸಾದಾ ಮಾಸ್ಕ್ ಬಳಸಿ. ಅಂಟಂಟಾಗಿ ಉದ್ದಕ್ಕೆ ಎಳೆದುಕೊಂಡರೆ ಮಾತ್ರ ಪ್ರೋಟೀನ್ ಬೇಕು. ಬ್ಲೀಚ್ ಮಾಡಿದ ಕೂದಲಲ್ಲಿ ಹೀಗಾಗುವುದು ಹೆಚ್ಚು.

ಪ್ರಶ್ನೆ: ಸಿಂಥೆಟಿಕ್ ಎಕ್ಸ್‌ಟೆನ್ಷನ್‌ಗೂ ಡೀಪ್ ಕಂಡೀಷನಿಂಗ್ (ಹೀಗೆ ಮಾಸ್ಕ್ ಹಚ್ಚಿ ಬಿಡುವ ಆರೈಕೆ) ಮಾಡಬಹುದೇ?

ಉತ್ತರ: ಪ್ರಯೋಜನವಿಲ್ಲ. ಅದು ಪ್ಲಾಸ್ಟಿಕ್ ನಾರು, ಏನನ್ನೂ ಹೀರದು. ಬಿಸಿ ತಗುಲಿದರೆ ಸುರುಟುತ್ತದೆ. ಶಾಂಪೂ ಬೆರೆಸಿದ ತಣ್ಣೀರಲ್ಲಿ ಅದ್ದಿ ತೊಳೆದು, ಒಣಗಿದ ಮೇಲೆ ಬಾಚಿ.