ಸಂಪಾದಕರ ಉತ್ತರ: ಎರಡನೇ ಸಲ ಓದಿಸಿ ನೋಡಿ

ಶಹಾಪುರದ ಹವ್ಯಾಸಿ ನಾಟಕ ತಂಡದವರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಯಾಕೆಂಬುದು ಮುಂದೆ ಓದಿದರೆ ತಿಳಿಯುತ್ತದೆ. ಗುಳೆ ಹೋಗುವ ಕುಟುಂಬದ ಮೇಲೆ ತಂಡದವರೇ ಕೂಡಿ ಬರೆದ ನಾಟಕ. ಒಂಬತ್ತು ಪಾತ್ರ. ನಾಲ್ಕು ಹೆಣ್ಣು ಪಾತ್ರ, ಒಂದು ಹತ್ತು ವರ್ಷದ ಹುಡುಗನದು. ಇಷ್ಟು ದಿನ ಕಟ್ಟೆ ಮೇಲೆ ಕೂತು ಪರಿಚಯದವರಿಗೆ ಪಾರ್ಟು ಹಂಚುತ್ತಿದ್ದರಂತೆ. ಈ ಸಲ ಆಡಿಷನ್ ಮಾಡುತ್ತೇವೆಂದು ವಾಟ್ಸಾಪಿನಲ್ಲಿ ಹಾಕಿದರು, ಅರವತ್ತು ಹೆಸರು ಬಂದವು. ಈಗ ಕೇಳುತ್ತಾರೆ: "ಒಂದೇ ಭಾನುವಾರದಾಗ ಮುಗಿಸಬಹುದಾ? ಹಾಲಿನ ಬಾಡಿಗಿಗೆ ತಲಾ 200 ರೂಪಾಯಿ ತಗೊಂಡ್ರ ತಪ್ಪಾ? ಶುದ್ಧ ಕನ್ನಡ ಬರದವರನ್ನ ಏನ್ ಮಾಡಬೇಕು? ಊರ ಹಿರಿಯರೊಬ್ಬರು ಮೈಕು, ಪೆಂಡಾಲಿನ ಖರ್ಚು ನಂದು, ದೊಡ್ಡ ಪಾರ್ಟು ನಮ್ಮ ಹುಡುಗಂದು ಅಂತಾರ. ಬ್ಯಾಡ ಅಂದವರಿಗಿ ನಾಳಿ ಬಜಾರದಾಗ ಮುಖ ಹ್ಯಾಂಗ ತೋರಸೋದು?"

ಮಿತ್ರರೆ, ಮೊದಲು ಲೆಕ್ಕ ಹಾಕೋಣ. ಅರವತ್ತು ಜನ, ತಲಾ ಮೂರು ನಿಮಿಷ, ಮೂರು ತಾಸಿನ ಕೆಲಸ ಎಂದು ಬರೆದಿದ್ದೀರಿ. ಬಂದವರ ಹೆಸರು ಕೇಳಿ, ನೀರು ಕೊಟ್ಟು, ಹಾಳೆ ಕೈಗಿಡುವಷ್ಟರಲ್ಲಿ ಒಂದು ನಿಮಿಷ ಹೋಯಿತು. ಉಳಿದ ಎರಡರಲ್ಲಿ ನಿಮಗೆ ಕಾಣುವುದು ಅವರು ಕನ್ನಡಿ ಮುಂದೆ ನಿಂತು ತಯಾರಿ ಮಾಡಿಕೊಂಡು ಬಂದದ್ದಷ್ಟೇ. ನೀವು ತಿಳಿಯಬೇಕಾದ ಸಂಗತಿ ಬೇರೆ ಇದೆ: ಮುಂದಿನ ಎರಡು ತಿಂಗಳ ತಾಲೀಮಿನಲ್ಲಿ ಹೇಳಿದ್ದನ್ನು ಈ ಮನುಷ್ಯ ಮೈಗೆ ಹಚ್ಚಿಕೊಳ್ಳುತ್ತಾನೋ ಇಲ್ಲವೋ. ಅದನ್ನು ತಿಳಿಯಲು ಎರಡನೇ ಸಲ ಓದಿಸಬೇಕು. ಮೊದಲ ಸಲ ಅವರ ಮನಸ್ಸಿಗೆ ಬಂದಂತೆ ಓದಲಿ. ಆಮೇಲೆ ನೀವೊಂದು ಸೂಚನೆ ಕೊಟ್ಟು ಅದೇ ಮಾತನ್ನು ಮತ್ತೆ ಆಡಿಸಿ. ಉಳಿದ ಏರ್ಪಾಡೆಲ್ಲ ಈ ಎರಡನೇ ಓದಿಗೆ ಸಮಯ ಮಾಡಿಕೊಳ್ಳಲಿಕ್ಕೆ.

ಹಿಂದೊಮ್ಮೆ ಕಲಬುರಗಿಯಲ್ಲಿ ಇಂಥದೇ ಆಯ್ಕೆಗೆ ನನ್ನನ್ನೂ ಕೂರಿಸಿದ್ದರು. ಗಂಡನನ್ನು ಹೆಂಡತಿ ಕೇಳುವ ಮಾತು: "ರೊಕ್ಕ ಎಲ್ಲಿಟ್ಟಿ? ಮುಂಜಾನಿ ಡಬ್ಬ್ಯಾಗ ಇತ್ತು." ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ಕಾಲೇಜು ಹುಡುಗಿಯೊಬ್ಬಳು ಖಣಖಣ ದನಿಯಲ್ಲಿ, ಬಲಗೈ ಎತ್ತಿ, ಗೋಡೆ ಹಾರುವಂತೆ ಕೇಳಿದಳು. ಎಲ್ಲರಿಗೂ ಖುಷಿ. "ಮಗ್ಗಲದಾಗ ಕೂಸಿಗಿ ಈಗಷ್ಟೇ ನಿದ್ದಿ ಹತ್ಯಾದ, ಎಚ್ಚರ ಆಗಬಾರದು, ಈಗ ಕೇಳ್ರಿ" ಎಂದೆವು. ದನಿ ಸಣ್ಣದಾಯಿತು, ಕೈ ಮಾತ್ರ ಅದೇ ಜಾಗದಲ್ಲಿ ಅಷ್ಟೇ ಮೇಲಕ್ಕೆ ಹೋಯಿತು. ಅವಳ ನಂತರ ಬಂದ ಅಂಗನವಾಡಿ ಸಹಾಯಕಿ ಮೊದಲ ಸಲ ಸಾಲಿನ ಕೆಳಗೆ ಬೆರಳಿಟ್ಟು ಓದಿದರು, ಎರಡು ಕಡೆ ತಡವರಿಸಿದರು. ಕೂಸಿನ ಸಂಗತಿ ಹೇಳಿದ ಮೇಲೆ ಹಾಳೆ ಕೆಳಗಿಟ್ಟರು. ಪಕ್ಕದಲ್ಲಿ ಇಲ್ಲದ ಕೌದಿಯನ್ನು ಇಲ್ಲದ ಕೂಸಿನ ಭುಜದವರೆಗೆ ಎಳೆದರು. ಗಂಡನ ಕಡೆ ನೋಡಲೇ ಇಲ್ಲ. ಕೌದಿ ಸರಿಮಾಡುತ್ತಲೇ "ರೊಕ್ಕ ಎಲ್ಲಿಟ್ಟಿ" ಎಂದರು, ಹಲ್ಲಿನ ಸಂದಿಯಿಂದ. ಪಕ್ಕದಲ್ಲಿ ಕೂತ ನಿರ್ದೇಶಕರು ಮೊದಲ ಓದಿಗೆ ಕೊಟ್ಟಿದ್ದ ಅಂಕ ಹೊಡೆದು ಹಾಕಿದರು. ಮೂರು ನಿಮಿಷದ ಲೆಕ್ಕದಲ್ಲಿ ಆ ಪಾರ್ಟು ಭಾಷಣದ ಹುಡುಗಿಗೇ ಹೋಗುತ್ತಿತ್ತು.

ದೊಡ್ಡ ಸಂಸ್ಥೆಗಳೂ ಇದನ್ನು ಬಲ್ಲವು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯವರು ಪ್ರವೇಶಕ್ಕೆ ಮೊದಲ ಸುತ್ತನ್ನಷ್ಟೇ ನಂಬುವುದಿಲ್ಲ. ಅದರಲ್ಲಿ ಆಯ್ದವರನ್ನು ಕರೆಸಿ, ಕೆಲವು ದಿನ ಕಾರ್ಯಾಗಾರದಲ್ಲಿ ದುಡಿಸಿ, ಆಮೇಲೆ ನಿರ್ಧರಿಸುತ್ತಾರೆ. ನಿಮಗೆ ಅಷ್ಟು ದಿನ ಬೇಡ, ತಲಾ ಎಂಟು ನಿಮಿಷ ಸಾಕು. ಅಂದರೆ ತಾಸಿಗೆ ಏಳು ಜನ, ನಾಲ್ಕು ನಿಮಿಷ ಉಸಿರಾಡಲಿಕ್ಕೆ. ಬೆಳಿಗ್ಗೆ ಹತ್ತು, ಹನ್ನೊಂದು, ಹನ್ನೆರಡು, ಊಟ ಮುಗಿಸಿ ಎರಡು, ಮೂರು. ಐದು ತಂಡಕ್ಕೆ ಮೂವತ್ತೈದು ಜನ. ಎರಡು ಭಾನುವಾರದಲ್ಲಿ ಅರವತ್ತೂ ಮುಗಿಯುತ್ತವೆ. ಎಲ್ಲರನ್ನೂ ಬೆಳಿಗ್ಗೆ ಹತ್ತಕ್ಕೇ ಕರೆದು ಸಂಜೆತನಕ ಕೂಡಿಸಬೇಡಿ. ಆ ತಪ್ಪನ್ನು ನಮ್ಮ ಭಾಗದಲ್ಲಿ ಎಲ್ಲರೂ ಮಾಡುತ್ತಾರೆ, ಮಾಡಿ ಅದಕ್ಕೆ 'ಶಿಸ್ತು' ಎನ್ನುತ್ತಾರೆ. ಕಾದು ಕಾದು ಹಸಿದವರ ದನಿಯಲ್ಲಿ ನಿಮಗೆ ಕೇಳುವುದು ಹಸಿವೆ. ಸುರಪುರ, ಹುಣಸಗಿ, ಜೇವರ್ಗಿ ಕಡೆಯಿಂದ ಬರುವವರನ್ನು ಹನ್ನೊಂದು, ಹನ್ನೆರಡರ ತಂಡಕ್ಕೆ ಹಾಕಿ. ಬಸ್ಸು ಇಳಿದು ಮುಖ ತೊಳೆಯಲು ಸಮಯ ಸಿಗುತ್ತದೆ, ತಿರುಗಿ ಹೋಗಲಿಕ್ಕೆ ಬಸ್ಸೂ ಸಿಗುತ್ತದೆ.

ಭಾಷೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದ ಜಾಗ ಅದೊಂದೇ. ಗುಳೆ ಹೋಗುವವರ ನಾಟಕಕ್ಕೆ ಶುದ್ಧ ಕನ್ನಡ ಯಾಕೆ ಬೇಕು? ನಮ್ಮ ಹುಡುಗರಿಗೆ ಒಂದು ಚಾಳಿ ಇದೆ. ಹೊರಗೆ "ಎಲ್ಲಿ ಹೊಂಟಿಯೋ" ಎಂದು ಚಂದವಾಗಿ ಮಾತಾಡುತ್ತಿದ್ದವರು ಹಾಳೆ ಕೈಗೆ ಬಂದೊಡನೆ ಧಾರಾವಾಹಿಯ ಕನ್ನಡಕ್ಕೆ ಏರಿಬಿಡುತ್ತಾರೆ. ಅದನ್ನು ಇಳಿಸಲಿಕ್ಕೆ ಒಂದು ಉಪಾಯ: ಓದಿಸುವ ಮೊದಲು "ನಿಮ್ಮೂರಿಗಿ ಬಸ್ ಹ್ಯಾಂಗ ಬರ್ತದ ಹೇಳ್ರಿ" ಎಂದು ಕೇಳಿ. ಕೆಟ್ಟ ರಸ್ತೆ, ನಿಲ್ಲಿಸದ ಡ್ರೈವರು, ನಿಂತೇ ಬಂದ ಮುದುಕಿ, ಎಲ್ಲ ಹೊರಬರುತ್ತದೆ. ನಿಜವಾದ ದನಿ ಅಲ್ಲೇ ಇರುತ್ತದೆ. ಅದು ಬಂದ ಮೇಲೆ ಹಾಳೆ ಕೊಡಿ. ಹಾಳೆಯನ್ನೂ ಹಿಂದಿನ ದಿನವೇ ಫೋನಿಗೆ ಕಳಿಸಿ. ಗುರಮಠಕಲ್ ಕಡೆಯವರ ಮನೆಮಾತು ತೆಲುಗು ಇರಬಹುದು, ಆಳಂದದವರದು ಮರಾಠಿ, ಇನ್ನೊಬ್ಬರದು ಉರ್ದು ಅಥವಾ ಲಂಬಾಣಿ. ಕನ್ನಡ ಸರಾಗ ಆಡುತ್ತಾರೆ, ಓದುವಾಗ ತಡವರಿಸುತ್ತಾರೆ. ಓದುವ ಪರೀಕ್ಷೆ ನಿಮಗೆ ಬೇಕಾಗಿಲ್ಲ. ಭಜನಾ ಮೇಳದಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯೆಲ್ಲ ಬಾಯಿಪಾಠದಿಂದ ಹಾಡುವವರಲ್ಲಿ ಅಕ್ಷರ ಕಲಿಯದವರೂ ಇದ್ದಾರೆ. ಅಂಥವರು ಬಂದರೆ ಪಕ್ಕದಲ್ಲಿ ಒಬ್ಬರು ಕೂತು ಮಾತನ್ನು ಬಾಯಿಂದ ಹೇಳಿಕೊಡಲಿ. ನಾಟಕದಲ್ಲಿ ಹಾಡಿದ್ದರೆ ಪೇಟಿ (ಹಾರ್ಮೋನಿಯಂ) ಮಾಸ್ತರರಿಗೂ ಒಂದು ಮಾತು: ನಿಮ್ಮ ಸುರಕ್ಕೆ ಹಾಡಿ ಎಂದು ಎಳೆಯುವುದು ಬೇಡ, ಬಂದವರು ತಮ್ಮಷ್ಟಕ್ಕೆ ಹಾಡಲಿ, ಅವರ ಸುರ ಕರಿ ಎರಡನೇ ಮನೆಯೋ ಬಿಳಿ ನಾಲ್ಕನೇ ಮನೆಯೋ ಆಮೇಲೆ ಪೇಟಿಯಲ್ಲಿ ಹುಡುಕಿಕೊಳ್ಳಬಹುದು.

ತೀರ್ಪಿಗೆ ಮೂವರು ಸಾಕು. ನಿರ್ದೇಶಕರು, ಒಬ್ಬ ಹೆಣ್ಣುಮಗಳು, ಊರಿಗೆ ಸಂಬಂಧವಿಲ್ಲದ ಒಬ್ಬರು. ಕಲಬುರಗಿ ರಂಗಾಯಣದಲ್ಲೋ ಹೆಗ್ಗೋಡಿನ ನೀನಾಸಂನಲ್ಲೋ ಕಲಿತು ಬಂದವರು ಹತ್ತಿರದಲ್ಲಿದ್ದರೆ ಹೋಗಿ ಬರುವ ಖರ್ಚು ಕೊಟ್ಟು ಕರೆಯಿರಿ. ಪ್ರತಿಯೊಬ್ಬರೂ ತಮಗನಿಸಿದ್ದನ್ನು ಮೊದಲು ಬರೆದುಕೊಳ್ಳಲಿ, ಆಮೇಲೆ ಬಾಯಿ ಬಿಡಲಿ. ಮೂವರಲ್ಲಿ ಹಿರಿಯರಾದವರು "ಹುಡುಗ ಛಲೋ ಇದ್ದಾನ" ಎಂದುಬಿಟ್ಟರೆ ಉಳಿದಿಬ್ಬರ ಪೆನ್ನು ಅದನ್ನೇ ಬರೆಯುತ್ತದೆ. ಆಕಾಶವಾಣಿಯಲ್ಲಿ ಈ ಕಾಯಿಲೆಗೆ ಹಿಂದೆಯೇ ಮದ್ದು ಮಾಡಿದ್ದರು. ಬಿ.ವಿ. ಕೇಸ್ಕರ್ 1952ರಲ್ಲಿ ವಾರ್ತಾ ಮಂತ್ರಿಯಾದ ಮೇಲೆ ಸಂಗೀತಗಾರರಿಗೆ ಆಡಿಷನ್ ಮಂಡಳಿ ಬಂತು: ಹಾಡುವವರು ಯಾರೆಂದು ಕೇಳುವವರಿಗೆ ತಿಳಿಯಬಾರದು, ದನಿಯೊಂದೇ ಕಿವಿಗೆ ಬೀಳಬೇಕು. ದೊಡ್ಡ ದೊಡ್ಡ ಗಾಯಕರು ನಮಗೂ ಪರೀಕ್ಷೆಯೇ ಎಂದು ಸಿಡಿದೆದ್ದರು. ಆದರೂ ಪದ್ಧತಿ ಉಳಿಯಿತು. 1966ರಲ್ಲಿ ಶುರುವಾದ ನಮ್ಮ ಕಲಬುರಗಿ ಕೇಂದ್ರದ ಮೈಕಿನ ಮುಂದೆ ನಿಂತು ಬಿ, ಬಿ ಹೈ ಎಂದು ದರ್ಜೆ ಪಡೆದವರು ನಿಮ್ಮ ತಾಲ್ಲೂಕಿನಲ್ಲೂ ಸಿಗುತ್ತಾರೆ, ಕೇಳಿ ನೋಡಿ. ನಾಟಕದಲ್ಲಿ ಮುಖ ನೋಡಲೇಬೇಕು, ಪರದೆ ಕಟ್ಟಲಾಗದು. ಆದರೆ ಅರ್ಜಿಯಲ್ಲಿ ಜಾತಿ, ತಂದೆಯ ಉದ್ಯೋಗ ಕೇಳದೆ ಇರಬಹುದು. ಅಡ್ಡಹೆಸರು ತೆಗೆದು ಎದೆಗೆ ನಂಬರ್ ಚೀಟಿ ಹಚ್ಚಬಹುದು. ಅರವತ್ತರಲ್ಲಿ ಅರ್ಧ ಜನರ ಮನೆತನ ನಿಮಗೆ ಗೊತ್ತೇ ಇರುತ್ತದೆ. ಹೊರಗಿನಿಂದ ಬಂದ ಮೂರನೆಯವರಿಗಾದರೂ ಗೊತ್ತಾಗದಿರಲಿ.

ಹೆಣ್ಣುಮಕ್ಕಳು ಬರುವುದಿಲ್ಲ ಎಂದು ದೂರಿದ್ದೀರಿ. ನಿಮ್ಮ ಪ್ರಕಟಣೆ ನೋಡಿದೆ: ಸ್ಥಳ 'ಆಮೇಲೆ ತಿಳಿಸಲಾಗುವುದು', ಸಂಪರ್ಕಕ್ಕೆ ಒಬ್ಬ ಗಂಡಸಿನ ನಂಬರು, ಜೊತೆಗೆ 'ಫುಲ್ ಫೋಟೋ ಕಳಿಸಿ'. ಯಾವ ತಾಯಿ ಕಳಿಸುತ್ತಾಳೆ? ಲಾಡ್ಜಿನ ರೂಮಿಗೆ ಕರೆಸಿ, ಸೀರಿಯಲ್ ಛಾನ್ಸು ಎಂದು ರೊಕ್ಕ ಕಿತ್ತವರ ಸುದ್ದಿ ಅವಳೂ ಕೇಳಿದ್ದಾಳೆ. ಶಾಲೆಯ ಕೋಣೆ ಎಂದು ಮೊದಲೇ ಬರೆಯಿರಿ, ಒಬ್ಬ ಹೆಣ್ಣುಮಗಳ ನಂಬರು ಕೊಡಿ, ಜೊತೆಗೆ ಬಂದವರಿಗೆ ಒಳಗೇ ಕುರ್ಚಿ ಎಂದು ತಿಳಿಸಿ. ಬಾಗಿಲು ತೆರೆದಿರಲಿ. ಆಯ್ಕೆಯಾದ ಮೇಲೂ ಒಬ್ಬರನ್ನೇ ಪ್ರತ್ಯೇಕ ಕರೆಸುವುದು ಬೇಡ. ತಾಲೀಮಿನಲ್ಲಿ ಏನಾದರೂ ಆದರೆ ಯಾರಿಗೆ ಹೇಳಬೇಕು ಎಂಬುದನ್ನೂ ಮೊದಲ ದಿನವೇ ತಿಳಿಸಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ದೂರು ಕೇಳಲು ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಸಮಿತಿ ಇರಬೇಕೆನ್ನುತ್ತದೆ.

ಹತ್ತು ವರ್ಷದ ಹುಡುಗನನ್ನು ಹಾಳೆ ಕೊಟ್ಟು ಪರೀಕ್ಷಿಸಬೇಡಿ. ಐದಾರು ಮಕ್ಕಳನ್ನು ಒಟ್ಟಿಗೆ ಆಡಲು ಬಿಟ್ಟು, ತಾಯಿ ತಂದೆಯರ ಜೊತೆ ನೀವೂ ಕೂತು ನೋಡಿ. ಸಿನಿಮಾ, ಧಾರಾವಾಹಿಯವರಿಗೇ ಕಾನೂನು ಮಕ್ಕಳನ್ನು ದಿನಕ್ಕೆ ಐದು ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ತಾಸಿಗಿಂತ ಹೆಚ್ಚು ದುಡಿಸಬಾರದೆನ್ನುತ್ತದೆ. ನಿಮ್ಮ ತಾಲೀಮು ರಾತ್ರಿ ಹನ್ನೊಂದರವರೆಗೆ ಎಂದು ಬರೆದಿದ್ದೀರಿ. ಹುಡುಗನ ದೃಶ್ಯ ಮೊದಲು ಮುಗಿಸಿ, ಎಂಟಕ್ಕೆ ಮನೆಗೆ ಕಳಿಸಿ.

200 ರೂಪಾಯಿ ಬೇಡ. ಶಾಲೆಯ ಕೋಣೆಗೆ ಬಾಡಿಗೆ ಕಮ್ಮಿ, ಚಹಾ ಸೂಸಲದ ಖರ್ಚು ತಂಡದ್ದು. ರೊಕ್ಕ ಕೊಟ್ಟು ಬಂದವರು ಪಾರ್ಟು ಕೇಳುತ್ತಾರೆ, ಸಿಗದಿದ್ದರೆ ರೊಕ್ಕ ಕೇಳುತ್ತಾರೆ.

ಹಿರಿಯರ ಮಗನ ವಿಷಯ. ಇದನ್ನು ಆಡಿಷನ್ ಮುಗಿದ ಮೇಲೆ ಮಾತಾಡಿದರೆ ನೀವು ಸೋತಿರಿ. ಈ ವಾರವೇ ಇಬ್ಬರು ಅವರ ಮನೆಗೆ ಹೋಗಿ. "ಗೌಡ್ರ, ತಮ್ಮ ಮಗ ಬರಲಿ, ಎಲ್ಲರ್‍ಹಂಗ ಓದಲಿ. ಪಾರ್ಟು ಬಂದ್ರ ಅವನ ಕೈಗುಣ, ಬರಲಿಲ್ಲಂದ್ರ ಮೂವರು ಕೂಡಿ ಮಾಡಿದ ತೀರ್ಮಾನ. ಉದ್ಘಾಟನಾ ದೀಪ ಮಾತ್ರ ತಾವೇ ಹಚ್ಚಬೇಕು" ಎನ್ನಿ. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಪೆಂಡಾಲು ಬಿಡಿ, ಬಯಲಲ್ಲಿ ಆಡಿ. ಹುಡುಗ ನಿಜಕ್ಕೂ ಚೆನ್ನಾಗಿ ಆಡಿಬಿಟ್ಟರೆ ಏನು ಮಾಡುವುದು ಎಂದು ನೀವು ಕೇಳಿಲ್ಲ. ಕೊಡಿ, ಜನ ಏನಾದರೂ ಅನ್ನಲಿ. ಮೂವರ ಚೀಟಿಗಳನ್ನು ಮಾತ್ರ ಜೋಪಾನ ಇಟ್ಟುಕೊಳ್ಳಿ.

ಇನ್ನು ಬೇಡ ಎನ್ನುವುದು. ನಮ್ಮಲ್ಲಿ ಯಾರಿಗೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ; "ನೋಡಮು, ಹೇಳ್ತೀವಿ" ಎನ್ನುತ್ತೇವೆ, ಆ ಹುಡುಗ ತಿಂಗಳುಗಟ್ಟಲೆ ಫೋನ್ ನೋಡಿಕೊಂಡು ಕೂರುತ್ತಾನೆ. ಫಲಿತಾಂಶದ ತಾರೀಖು ಆಡಿಷನ್ ದಿನವೇ ಗೋಡೆಗೆ ಹಚ್ಚಿ. ಆ ದಿನ ಅರವತ್ತು ಜನಕ್ಕೂ ಸಂದೇಶ ಹೋಗಲಿ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ. ಗ್ರೂಪಿನಲ್ಲಿ ಪಟ್ಟಿ ಹಾಕಬೇಡಿ. ಇಷ್ಟು ಬರೆದರೆ ಸಾಕು: "ನಮಸ್ಕಾರ. ಈ ನಾಟಕದ ಪಾತ್ರಗಳಿಗೆ ಬೇರೆಯವರನ್ನು ಆರಿಸಿದ್ದೇವೆ. ತಾವು ಬಂದು ಓದಿದ್ದಕ್ಕೆ ತಂಡ ಋಣಿ." ಕಾರಣ ಬರೆಯಬೇಡಿ. ಕೇಳಿಕೊಂಡು ಬಂದವರಿಗೆ ಎದುರು ಕೂತು ಹೇಳಿ, ಒಂದೇ ಕಾರಣ ಹೇಳಿ, ಅದು ಅವರು ತಿದ್ದಿಕೊಳ್ಳಬಹುದಾದದ್ದಾಗಿರಲಿ: "ಎರಡನೇ ಸಲ ಓದಿದಾಗ ನಾವು ಹೇಳಿದ್ದು ಕೇಳಿಸಿಕೊಳ್ಳದೆ ಓದಿದಿರಿ" ಎನ್ನಬಹುದು, "ಎತ್ತರ ಕಮ್ಮಿ ಆಯ್ತು" ಎಂದರೆ ಅವರು ಅದನ್ನು ತೆಗೆದುಕೊಂಡು ಏನು ಮಾಡಬೇಕು? ಬಜಾರದಲ್ಲಿ ಸಿಕ್ಕಾಗ ನೀವೇ ಮೊದಲು ಮಾತಾಡಿಸಿ.

ನೀವು ಕೇಳದೆ ಬಿಟ್ಟ ಇನ್ನೊಂದು ಸಂಗತಿ, ತಾರೀಖು. ಪ್ರದರ್ಶನ ಸಂಕ್ರಾಂತಿಗೆ ಎಂದಿದ್ದೀರಿ, ಅಂದರೆ ತಾಲೀಮು ನವೆಂಬರ್, ಡಿಸೆಂಬರಿನಲ್ಲಿ. ನಾರಾಯಣಪುರ ಕಾಲುವೆಯ ನೀರಿರುವ ನಿಮ್ಮ ಕಡೆ ಅದು ಹತ್ತಿ ಬಿಡಿಸುವ ಕಾಲ, ಒಣಭೂಮಿಯಲ್ಲಿ ತೊಗರಿ ರಾಶಿಯ ಕಾಲ. ನಿಮ್ಮ ನಾಲ್ಕು ಹೆಣ್ಣು ಪಾತ್ರ ಮಾಡಬಲ್ಲವರಲ್ಲಿ ಎಷ್ಟು ಜನ ಆಗ ಹೊಲ ಬಿಟ್ಟು ಬರುತ್ತಾರೆ? ಅರ್ಜಿಯಲ್ಲಿ ವಯಸ್ಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು: ಯಾವ ಯಾವ ವಾರ ಬರಲಿಕ್ಕೆ ಆಗುವುದಿಲ್ಲ? ಪ್ರದರ್ಶನವನ್ನು ಶಿವರಾತ್ರಿಗೆ ದೂಡಲು ಆದರೆ ದೂಡಿ. ದಿನ ಗೊತ್ತಾದೊಡನೆ ನಮಗೊಂದು ಕಾರ್ಡು ಹಾಕಿ. ಸಂಚಿಕೆ ತಿಂಗಳ 25ಕ್ಕೆ ಅಚ್ಚಿಗೆ ಹೋಗುತ್ತದೆ, ಅದರ ಮೊದಲು ಬಂದರೆ ರಂಗಸುದ್ದಿಯ ಪುಟದಲ್ಲಿ ಹಾಕುತ್ತೇವೆ.