ಫಾರ್ಮುಲಾ ಒನ್ (ಎಫ್1) ಕಾರ್ ರೇಸ್‌ನಲ್ಲಿ ಮಾಡಿದ ಹಾಗೆ ನಮ್ಮ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕ್‌ನ ಕಾರ್ ರೇಸ್) ಕ್ಲಬ್‌ನಲ್ಲೂ ಖರ್ಚಿಗೆ ಮಿತಿ ಹಾಕಿದರೆ ಸ್ಪರ್ಧೆ ಸಮಬಲವಾಗುತ್ತದೆಯೇ? ಕಾರಿಗೆ ಸೀಸನ್‌ಗೆ ಒಂದು ಲಕ್ಷ, ಎಲ್ಲದಕ್ಕೂ ಬಿಲ್ ಎಂದು ಯೋಚಿಸಿದ್ದೇವೆ.

ಇದೇ ನಿಯಮವನ್ನು ನಾನೂ ಬರೆದಿದ್ದೆ. ಹೊಸಕೋಟೆ ಕಡೆಯ ಮಣ್ಣಿನ ಟ್ರ್ಯಾಕ್‌ನಲ್ಲಿ ಹಳೇ ಮಾರುತಿ 800 ಓಡಿಸುತ್ತಿದ್ದ ಗೆಳೆಯರ ಗುಂಪು ನಮ್ಮದು. ಎರಡನೇ ಸೀಸನ್ ಹೊತ್ತಿಗೆ ಎಲ್ಲ ಹೀಟ್‌ಗಳನ್ನೂ (ಸುತ್ತಿನ ರೇಸ್‌ಗಳನ್ನೂ) ಒಂದೇ ಕಾರು ಗೆಲ್ಲತೊಡಗಿತು. ಆ ಕಾರಿನವರ ಬಿಲ್ಲುಗಳ ಫೈಲ್ ತೆಗೆದು ನೋಡಿದರೆ ಖರ್ಚು ಮಿತಿಗಿಂತ ಎಷ್ಟೋ ಕಡಿಮೆ. ಮೋಸವೇನೂ ಇರಲಿಲ್ಲ.

ತಪ್ಪು ನನ್ನ ನಿಯಮದಲ್ಲಿತ್ತು. ನಿಮ್ಮದರಲ್ಲೂ ಅದೇ ಇರುವುದರಿಂದ ಬಿಡಿಸಿ ಹೇಳುತ್ತೇನೆ. ನಾನು ಅಳೆದದ್ದು ಬಿಲ್ಲನ್ನು ಮಾತ್ರ. ಗೆಲ್ಲುತ್ತಿದ್ದ ಆ ಕಾರಿನ ಹುಡುಗನ ಮನೆಯವರದೇ ಗ್ಯಾರೇಜ್. ನಾವು ಹೆಡ್ ಪೋರ್ಟಿಂಗ್‌ಗೆ (ಎಂಜಿನ್ ಹೆಡ್‌ನಲ್ಲಿ ಗಾಳಿ ಹೋಗುವ ದಾರಿಯನ್ನು ಕೊರೆದು ಸರಿಪಡಿಸುವ ಕೆಲಸ) ಹೊರಗೆ ದುಡ್ಡು ಕೊಟ್ಟು ಬಿಲ್ ತರುತ್ತಿದ್ದೆವು. ಅವರಲ್ಲಿ ಅದೇ ಕೆಲಸವನ್ನು ಮನೆಯ ಮೆಕ್ಯಾನಿಕ್ ರಾತ್ರಿ ಕೂತು ಮುಗಿಸುತ್ತಿದ್ದ, ಲೆಕ್ಕದಲ್ಲಿ ಸೊನ್ನೆ. ಸಸ್ಪೆನ್ಷನ್ ಸರಿಬರದಿದ್ದರೆ ಬಿಚ್ಚಿ ಮತ್ತೆ ಕಟ್ಟುವುದು, ಮತ್ತೆ ಬಿಚ್ಚುವುದು. ಪ್ರಾಕ್ಟೀಸ್‌ಗೆ ನೆಂಟರ ಜಮೀನು, ಬಾಡಿಗೆಯಿಲ್ಲ. ಗ್ಯಾರೇಜ್ ಇಲ್ಲದವನು ಕೈಯಿಂದ ದುಡ್ಡು ಹಾಕಿಯಾದರೂ ಅವರನ್ನು ಹಿಡಿಯಬಹುದಿತ್ತು. ಆ ಒಂದು ದಾರಿಯನ್ನೂ ನನ್ನ ಮಿತಿಯೇ ಮುಚ್ಚಿಬಿಟ್ಟಿತ್ತು. ಮರುವರ್ಷ ಅರ್ಧಕ್ಕರ್ಧ ಜನ ಬರಲಿಲ್ಲ.

ಎಫ್1ನವರು 2021ರಲ್ಲಿ 14.5 ಕೋಟಿ ಡಾಲರ್ ಮಿತಿ ತಂದಾಗ ಈ ಕಿಂಡಿಯನ್ನು ಮುಚ್ಚಿದ್ದರು: ಸೋದರ ಕಂಪನಿಯಿಂದ ಅಗ್ಗಕ್ಕೆ ಮಾಡಿಸಿಕೊಂಡ ಕೆಲಸಕ್ಕೂ ಮಾರುಕಟ್ಟೆ ದರವನ್ನೇ ಲೆಕ್ಕ ಹಿಡಿಯಬೇಕು. ಆದರೂ ಚಾಲಕರ ಸಂಬಳ ಮಿತಿಯ ಹೊರಗೆ. ಮೊದಲೇ ಕಟ್ಟಿಕೊಂಡ ವಿಂಡ್ ಟನಲ್ (ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ), ಸಿಮ್ಯುಲೇಟರ್ ದೊಡ್ಡವರ ಬಳಿಯೇ ಉಳಿದವು. ರೆಡ್ ಬುಲ್ ಮೊದಲ ವರ್ಷವೇ ಮಿತಿ ದಾಟಿತು. 70 ಲಕ್ಷ ಡಾಲರ್ ದಂಡ ಬಿತ್ತು, ಏರೋಡೈನಮಿಕ್ ಪರೀಕ್ಷೆಯ ಅವಕಾಶದಲ್ಲಿ ಶೇ 10ರಷ್ಟು ಕಡಿತವಾಯಿತು. ಅದೇ ತಂಡ 2023ರಲ್ಲಿ 22 ರೇಸ್‌ಗಳ ಪೈಕಿ 21 ಗೆದ್ದಿತು. ಹಾಗಾಗಿ ಮಿತಿಯಿಂದಲೇ ಸಮಬಲ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ಏಳು ಚಾಲಕರು ರೇಸ್ ಗೆದ್ದರು, ಮೆಕ್ಲಾರೆನ್ 1998ರ ನಂತರ ಮೊದಲ ಸಲ ತಂಡಗಳ ಪ್ರಶಸ್ತಿ ಪಡೆಯಿತು, ನಿಜ. ಹಿಂದೆ ಬಿದ್ದ ತಂಡಕ್ಕೆ ಹೆಚ್ಚು ವಿಂಡ್ ಟನಲ್ ಸಮಯ ಕೊಡುವ ನಿಯಮಕ್ಕೆ ಅದರ ದೊಡ್ಡ ಪಾಲು ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಖರ್ಚಿನ ಮಿತಿ ಮಾಡುವ ಉಪಕಾರ ಬೇರೆ: ಅದು ಬಡ ತಂಡವನ್ನು ಉಳಿಸುತ್ತದೆ. 2009ರಲ್ಲಿ 4 ಕೋಟಿ ಪೌಂಡ್ ಮಿತಿಯ ಮಾತು ಕೇಳಿ ಹೊಸ ತಂಡಗಳು ಬಂದವು, ಆ ಮಿತಿ ಜಾರಿಯಾಗಲೇ ಇಲ್ಲ. ಅವುಗಳಲ್ಲೊಂದು, ನಮ್ಮ ಕರುಣ್ ಚಂದೋಕ್, ನಾರಾಯಣ್ ಕಾರ್ತಿಕೇಯನ್ ಓಡಿಸಿದ ಎಚ್‌ಆರ್‌ಟಿ ತಂಡ, 2012ರಲ್ಲೇ ಮುಚ್ಚಿತು. ನಮ್ಮ ಬೆಂಗಳೂರಿನ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ 2016, 2017ರಲ್ಲಿ ನಾಲ್ಕನೇ ಸ್ಥಾನ ಗಳಿಸಿಯೂ 2018ರಲ್ಲಿ ದಿವಾಳಿ ಅಂಚಿಗೆ ಬಂತು. 2021ರಿಂದೀಚೆಗೆ ಒಂದು ತಂಡವೂ ಬಾಗಿಲು ಹಾಕಿಲ್ಲ.

ನೀವು ಬಿಲ್ ಕೇಳುವ ಗೋಜಿಗೇ ಹೋಗಬೇಡಿ. ಬಿಚ್ಚಿದರೆ ಗೊತ್ತಾಗುವಂತೆ ಎಂಜಿನ್‌ಗೆ ಸೀಲ್ ಹಾಕಿ, ಟೈರ್ ಎಲ್ಲರಿಗೂ ಒಂದೇ ಕಂಪನಿಯದು, ಸೀಸನ್‌ಗೆ ಇಂತಿಷ್ಟೇ ಎಂದು. ಮುಖ್ಯವಾಗಿ ಗೆದ್ದ ಕಾರಿನ ಎಂಜಿನ್ನನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಯಾರು ಕೇಳಿದರೂ ಕೊಡಬೇಕು ಅಂತ ಬರೆಯಿರಿ. ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಇದು ಹಳೆಯ ನಿಯಮ. ಇಪ್ಪತ್ತು ಸಾವಿರಕ್ಕೆ ಬಿಟ್ಟುಕೊಡಬೇಕಾದ ಎಂಜಿನ್‌ಗೆ ಯಾರೂ ಎರಡು ಲಕ್ಷದ ಕೆಲಸ ಮಾಡಿಸುವುದಿಲ್ಲ, ಸ್ವಂತ ಗ್ಯಾರೇಜ್ ಇದ್ದವರೂ.